ಹಳಿಯ ಮೇಲಿನ ಬಿಡಾರ

ನಮ್ಮ ಹಳ್ಳಿಗಳಲ್ಲಿ ಹಳೆಯ ವಸ್ತುವನ್ನು ಸುಲಭವಾಗಿ ಎಸೆಯುವ ವಾಡಿಕೆಯಿಲ್ಲ. ಉಟ್ಟು ಸವೆದ ಸೀರೆ ಕೌದಿಯಾಗುತ್ತದೆ. ಮುರಿದ ನೇಗಿಲಿನ ಮರ ಕೊಟ್ಟಿಗೆಯ ಗೂಟವಾಗುತ್ತದೆ. ದಾರಿ ನಡೆಯಲಾರದ ಎತ್ತಿನ ಗಾಡಿಯ ದಿಮ್ಮಿ ಚಪ್ಪರದ ಕಂಬವಾಗುತ್ತದೆ. ವಸ್ತುವಿನ ಮೊದಲ ಕೆಲಸ ಮುಗಿದ ಮಾತ್ರಕ್ಕೆ ಅದರ ಬಾಳೇ ಮುಗಿಯಿತೆಂದು ರೈತನು ಭಾವಿಸುವುದಿಲ್ಲ. ಮನೆಯ ಮಟ್ಟದಲ್ಲಿ ಕಾಣುವ ಈ ವಿವೇಕವು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿಯೂ ಉಂಟು. ಪ್ರಯಾಣಿಕರನ್ನು ಹೊತ್ತು ಹಳತಾದ ರೈಲುಗಾಡಿಗಳನ್ನು, ರೈಲುದಾರಿಯನ್ನು ಕಾಯುವ ಕೆಲಸಗಾರರ ಬಿಡಾರಗಳನ್ನಾಗಿ ಮಾರ್ಪಡಿಸುವ ಕ್ರಮವು ಇದಕ್ಕೆ ಒಳ್ಳೆಯ ನಿದರ್ಶನ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಜನರು ಬಹುಕಾಲದವರೆಗೆ ರೈಲು ಹತ್ತಬೇಕಾದರೆ ತಮ್ಮ ತಾಲ್ಲೂಕಿನ ಎಲ್ಲೆಯನ್ನು ದಾಟಿ ಹೋಗಬೇಕಾಗಿತ್ತು. ಕೊರಟಗೆರೆ ಮತ್ತು ಶಿರಾದವರಿಗೆ ತುಮಕೂರು, ಮಧುಗಿರಿಯವರಿಗೆ ತುಮಕೂರು ಅಥವಾ ಗೌರಿಬಿದನೂರು, ಪಾವಗಡದವರಿಗೆ ಆಂಧ್ರದ ಹಿಂದೂಪುರ—ಹೀಗೆ ನೆರೆಯೂರಿನ ನಿಲ್ದಾಣಗಳೇ ಆಸರೆ. ಅಂಥ ನಿಲ್ದಾಣದಲ್ಲಿ ಗಾಡಿಗಾಗಿ ಕಾದು ನಿಂತವರು ಪಕ್ಕದ ಹಳಿಯತ್ತ ಕಣ್ಣು ಹಾಯಿಸಿದರೆ, ಕೆಲವೊಮ್ಮೆ ಎಂಜಿನ್ನಿಲ್ಲದೆ ನಿಂತ ಒಂದೆರಡು ಹಳೆಯ ಗಾಡಿಗಳು ಕಾಣುತ್ತವೆ. ಅವುಗಳ ಬಣ್ಣ ಮಾಸಿರುತ್ತದೆ. ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆಗಳು ಒಣಗುತ್ತಿರುತ್ತವೆ. ಒಂದು ಕಿಂಡಿಯಿಂದ ಒಗ್ಗರಣೆಯ ವಾಸನೆ ಬರುತ್ತದೆ. ಬಾಗಿಲ ಬಳಿ ಹಾರೆ, ಸಲಿಕೆ, ಜಾಕಿಗಳನ್ನು ಒರಗಿಸಿರುತ್ತಾರೆ. ಆ ಗಾಡಿಗೆ ಹತ್ತಲು ಯಾರೂ ಮುನ್ನುಗ್ಗುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದೇ ಶಿಬಿರಗಾಡಿ. ರೈಲ್ವೆಯವರ ಆಡುಮಾತಿನಲ್ಲಿ ಅದು ‘ಕ್ಯಾಂಪ್ ಕೋಚ್’.

ಈ ಗಾಡಿಯ ಅಗತ್ಯವೇನೆಂಬುದನ್ನು ತಿಳಿಯಬೇಕಾದರೆ ಮೊದಲು ರೈಲುದಾರಿಯ ಸ್ವಭಾವವನ್ನು ಅರಿಯಬೇಕು. ನೋಡುವವರಿಗೆ ರೈಲುದಾರಿಯು ಅಲುಗಾಡದ ವಸ್ತುವಿನಂತೆ ತೋರುತ್ತದೆ. ನಿಜವಾಗಿ ಅದು ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಕದಲುತ್ತಿರುತ್ತದೆ. ಕೆಳಗೆ ಮಣ್ಣಿನ ಏರಿ, ಅದರ ಮೇಲೆ ಒಡೆದ ಜಲ್ಲಿಕಲ್ಲಿನ ಹಾಸು, ಜಲ್ಲಿಯಲ್ಲಿ ಹುದುಗಿದ ಅಡ್ಡದಿಮ್ಮಿಗಳು, ಅವುಗಳ ಮೇಲೆ ಬಿಗಿದ ಎರಡು ಉಕ್ಕಿನ ಹಳಿಗಳು—ಇಷ್ಟೇ ಅದರ ರಚನೆ. ಅಡ್ಡದಿಮ್ಮಿಗಳು ಹಿಂದೆ ಮರದವಾಗಿದ್ದವು. ಈಗ ಹೆಚ್ಚಾಗಿ ಕಾಂಕ್ರೀಟಿನವು. ಒಂದೊಂದು ಕಾಂಕ್ರೀಟ್ ದಿಮ್ಮಿಯೂ ಕಾಲು ಟನ್ನಿಗಿಂತ ಹೆಚ್ಚು ತೂಗುತ್ತದೆ. ಮುಖ್ಯ ಮಾರ್ಗಗಳಲ್ಲಿ ಒಂದು ಕಿಲೋಮೀಟರಿಗೆ ಇಂಥ 1,660 ದಿಮ್ಮಿಗಳಿರುತ್ತವೆ. ಹಳಿಯಾದರೋ ಮೀಟರಿಗೆ 60 ಕಿಲೋಗ್ರಾಂ ತೂಕದ್ದು. ಹದಿಮೂರು ಮೀಟರ್ ಉದ್ದದ ಒಂದು ತುಂಡನ್ನು ಎತ್ತುವುದೆಂದರೆ 780 ಕಿಲೋಗ್ರಾಂ ಭಾರವನ್ನು ಎತ್ತಿದಂತೆ.

ಇಷ್ಟು ಭಾರವಾದ ದಾರಿಯನ್ನೂ ರೈಲಿನ ಓಟವು ಸಡಿಲಿಸುತ್ತದೆ. ಗಾಡಿ ಹಾದುಹೋಗುವಾಗ ದಿಮ್ಮಿಗಳು ಕೂದಲೆಳೆಯಷ್ಟು ಕುಸಿದು ಮತ್ತೆ ಏಳುತ್ತವೆ. ಜಲ್ಲಿಕಲ್ಲುಗಳು ಒಂದನ್ನೊಂದು ಉಜ್ಜಿ ಪುಡಿಯಾಗುತ್ತವೆ. ಮಳೆಗಾಲದಲ್ಲಿ ಏರಿಯ ಮಣ್ಣು ನೆನೆದು ಮೆತುವಾಗುತ್ತದೆ. ಎರೆಮಣ್ಣಿನ ನೆಲವಾದರೆ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿಸಿಲಿನ ಕಾಟ ಬೇರೆ. ಉಕ್ಕು ಕಾದಾಗ ಹಿಗ್ಗುತ್ತದೆ. ಉಷ್ಣತೆಯು 30 ಡಿಗ್ರಿ ಏರಿದರೆ ಒಂದು ಕಿಲೋಮೀಟರ್ ಉದ್ದದ ಹಳಿಯು ಸುಮಾರು 35 ಸೆಂಟಿಮೀಟರಿನಷ್ಟು ಉದ್ದವಾಗಲು ಹವಣಿಸುತ್ತದೆ. ಹಿಂದೆ ಹಳಿಯ ತುಂಡುಗಳ ನಡುವೆ ಸಣ್ಣ ಸಂದುಗಳನ್ನು ಬಿಡುತ್ತಿದ್ದರು. ಈಗ ಹಳಿಗಳನ್ನು ಉದ್ದಕ್ಕೆ ಬೆಸೆಯುವುದರಿಂದ ಆ ಒತ್ತಡವನ್ನೆಲ್ಲ ದಿಮ್ಮಿ ಮತ್ತು ಜಲ್ಲಿಗಳೇ ಹಿಡಿದು ನಿಲ್ಲಿಸಬೇಕು. ಜಲ್ಲಿ ಕಡಿಮೆಯಾದ ಕಡೆ ಹಳಿಯು ಒಮ್ಮೆಲೇ ಹಾವಿನಂತೆ ಬಳುಕಿಬಿಡಬಹುದು. ಅದರ ಮೇಲೆ ಬರುವ ಗಾಡಿಯ ಗತಿಯೇನೆಂಬುದನ್ನು ಹೇಳಬೇಕಾಗಿಲ್ಲ.

ಆದುದರಿಂದಲೇ ರೈಲುದಾರಿಗೆ ಕಾವಲು ಬೇಕು. ಅದನ್ನು ಕಾಯುವವರನ್ನು ಹಿಂದೆ ‘ಗ್ಯಾಂಗ್‌ಮನ್’ ಎಂದು ಕರೆಯುತ್ತಿದ್ದರು. ಅನಂತರ ‘ಟ್ರ್ಯಾಕ್‌ಮನ್’ ಎಂದೂ ‘ಟ್ರ್ಯಾಕ್ ಮೇಂಟೇನರ್’ ಎಂದೂ ಹೆಸರು ಬದಲಾಯಿತು. ಒಂದೊಂದು ತಂಡಕ್ಕೆ ಕೆಲವು ಕಿಲೋಮೀಟರುಗಳ ಹೊಣೆ ಇರುತ್ತದೆ. ತಂಡದ ಮುಖಂಡನಿಗೆ ‘ಮೇಟ್’ ಎಂದು ಹೆಸರು. ‘ಕೀಮನ್’ ಎಂಬಾತನು ಸುತ್ತಿಗೆ ಮತ್ತು ತಿರುಚುಳಿಯನ್ನು ಹೊತ್ತು ತನ್ನ ಪಾಲಿನ ದಾರಿಯ ಉದ್ದಕ್ಕೂ ಪ್ರತಿದಿನ ನಡೆಯುತ್ತಾನೆ. ಸಡಿಲವಾದ ಕೀಲನ್ನು ಬಿಗಿಯುತ್ತಾನೆ. ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ಗಾಡಿಯನ್ನು ನಿಲ್ಲಿಸುತ್ತಾನೆ. ಮಳೆಗಾಲದ ರಾತ್ರಿಗಳಲ್ಲಿ ದೀಪ ಹಿಡಿದು ನಡೆಯುವ ಗಸ್ತಿನವರು ಬೇರೆ. ಮಂಜು ಅಥವಾ ಕತ್ತಲೆಯಲ್ಲಿ ಬಾವುಟ ಕಾಣದಿದ್ದಾಗ ಹಳಿಯ ಮೇಲೆ ಪಟಾಕಿಯಂಥ ಸಿಡಿಮದ್ದಿನ ಬಿಲ್ಲೆಯನ್ನು ಇಡುತ್ತಾರೆ. ಗಾಲಿ ಅದರ ಮೇಲೆ ಹರಿದಾಗ ಆಗುವ ಸಪ್ಪಳವೇ ಚಾಲಕನಿಗೆ ಎಚ್ಚರಿಕೆ.

ದಿನನಿತ್ಯದ ಕೆಲಸವನ್ನು ಊರಿನ ಸಮೀಪದಲ್ಲಿರುವ ತಂಡವು ಮಾಡಬಲ್ಲದು. ಆದರೆ ಕೆಲವು ಕೆಲಸಗಳು ತಿಂಗಳುಗಟ್ಟಲೆ ನಡೆಯುವಂಥವು. ಹಳೆಯ ಹಳಿಗಳನ್ನು ತೆಗೆದು ಹೊಸದನ್ನು ಹಾಕುವುದು, ಸೇತುವೆಯ ತೊಲೆಗಳನ್ನು ಬದಲಿಸುವುದು, ಜಲ್ಲಿಯನ್ನು ಜರಡಿ ಹಿಡಿದು ಶುದ್ಧಮಾಡುವುದು, ಹೊಸ ಮಾರ್ಗವನ್ನು ಹದಗೊಳಿಸುವುದು—ಇವೆಲ್ಲವೂ ಊರಿನಿಂದ ದೂರ, ಬಯಲಿನಲ್ಲಿಯೋ ಕಾಡಿನಲ್ಲಿಯೋ ಆಗಬೇಕಾದ ಕೆಲಸಗಳು. ಇಂದು ಇಲ್ಲಿ ಕೆಲಸವಿದ್ದರೆ ಮುಂದಿನ ತಿಂಗಳು ಇಪ್ಪತ್ತು ಕಿಲೋಮೀಟರ್ ಆಚೆಗೆ. ಕೆಲಸ ಹೋದಲ್ಲಿಗೆ ಕೆಲಸಗಾರನೂ ಹೋಗಬೇಕು. ಅವನೊಡನೆ ಅವನ ಹಾಸಿಗೆ, ಒಲೆ, ನೀರು, ಉಪಕರಣಗಳೂ ಹೋಗಬೇಕು. ಗುಡಾರ ಹಾಕಬಹುದು, ಆದರೆ ಅದನ್ನು ಕಿತ್ತು ಸಾಗಿಸಿ ಮತ್ತೆ ಹೂಡುವುದರಲ್ಲಿಯೇ ದಿನಗಳು ಕಳೆಯುತ್ತವೆ. ಮಳೆಗಾಳಿಗೆ ಗುಡಾರ ನಿಲ್ಲುವುದೂ ಕಷ್ಟ. ಮನೆಯೇ ಹಳಿಯ ಮೇಲೆ ಉರುಳಿಕೊಂಡು ಬರುವಂತಿದ್ದರೆ ಈ ತೊಡಕುಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಅಂಥ ಮನೆಯನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಅದು ಆಗಲೇ ಸಿದ್ಧವಾಗಿರುತ್ತದೆ—ಮುಪ್ಪು ಬಂದ ಪ್ರಯಾಣಿಕ ಗಾಡಿಯ ರೂಪದಲ್ಲಿ.

ಪ್ರಯಾಣಿಕ ಗಾಡಿಗೂ ಆಯುಸ್ಸುಂಟು. ಮದರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದ ಕಾರ್ಖಾನೆಯು ಸ್ವಿಟ್ಜರ್ಲೆಂಡ್ ದೇಶದ ತಾಂತ್ರಿಕ ನೆರವಿನಿಂದ ಉಕ್ಕಿನ ಗಾಡಿಗಳನ್ನು ತಯಾರಿಸತೊಡಗಿತು. ಆ ಮಾದರಿಯ ಗಾಡಿಯೊಂದಕ್ಕೆ ಸಾಮಾನ್ಯವಾಗಿ 25 ವರ್ಷಗಳ ಸೇವೆಯನ್ನು ಗೊತ್ತುಮಾಡಿದ್ದರು. ಅದಕ್ಕಿಂತ ಹಿಂದಿನ ಗಾಡಿಗಳ ತಳಭಾಗ ಉಕ್ಕಿನದು, ಮೇಲಿನ ಮನೆ ತೇಗದ ಮರದ್ದು. ಅವುಗಳ ಸ್ಥಾನದಲ್ಲಿ ಉಕ್ಕಿನ ಗಾಡಿಗಳು ಬಂದವು. 2018ರಲ್ಲಿ ಪೆರಂಬೂರಿನವರು ಆ ಹಳೆಯ ಮಾದರಿಯನ್ನು ನಿಲ್ಲಿಸಿ, ಜರ್ಮನ್ ವಿನ್ಯಾಸದ ಹೊಸ ಮಾದರಿಯ ಗಾಡಿಗಳ ತಯಾರಿಕೆಯನ್ನೇ ಕೈಗೊಂಡರು. ಹೀಗೆ ಪ್ರತಿಯೊಂದು ತಲೆಮಾರಿನ ಗಾಡಿಯೂ ಮುಂದಿನದಕ್ಕೆ ದಾರಿ ಬಿಟ್ಟುಕೊಡುತ್ತದೆ. ವೇಗವಾಗಿ ಓಡಲು ಯೋಗ್ಯವಲ್ಲದಿದ್ದರೂ ನಿಂತು ನೆರಳು ಕೊಡಲು ಅದರಲ್ಲಿ ಶಕ್ತಿ ಉಳಿದಿರುತ್ತದೆ.

ಮಾರ್ಪಾಡು ನಡೆಯುವುದು ರೈಲ್ವೆ ಕಾರ್ಯಾಗಾರದಲ್ಲಿ. ಮೊದಲು ಆಸನಗಳನ್ನು ಕಳಚುತ್ತಾರೆ. ಮಲಗುವ ಹಲಗೆಗಳಲ್ಲಿ ಕೆಲವನ್ನು ಹಾಗೆಯೇ ಉಳಿಸುತ್ತಾರೆ. ಅಡ್ಡಗೋಡೆಗಳನ್ನು ಹಾಕಿ ಮಲಗುವ ಕೋಣೆ, ಅಡಿಗೆಯ ಕೋಣೆ, ಸ್ನಾನದ ಕೋಣೆ, ಉಗ್ರಾಣ ಎಂದು ವಿಂಗಡಿಸುತ್ತಾರೆ. ಒಲೆಯಿರುವ ಕಡೆ ಬೆಂಕಿ ತಗಲದಂತೆ ನೆಲಕ್ಕೂ ಗೋಡೆಗೂ ತಗಡನ್ನು ಹೊದಿಸುತ್ತಾರೆ. ಕಿಟಕಿಗಳಿಗೆ ಸೊಳ್ಳೆಯ ಜಾಲರಿ ಬರುತ್ತದೆ. ನೀರಿನ ತೊಟ್ಟಿಯನ್ನು ದೊಡ್ಡದು ಮಾಡುತ್ತಾರೆ. ಕೆಲವು ಗಾಡಿಗಳಲ್ಲಿ ಒಂದು ಭಾಗವನ್ನು ಕಮ್ಮಾರಸಾಲೆಯಂತೆ ಸಜ್ಜುಗೊಳಿಸಿ ಹಿಡಿಕಟ್ಟು, ಅರ, ಸುತ್ತಿಗೆಗಳನ್ನು ಇಡುತ್ತಾರೆ. ಇಷ್ಟೆಲ್ಲ ಬದಲಾದರೂ ಗಾಲಿ, ಸ್ಪ್ರಿಂಗು, ಬ್ರೇಕು, ಕೊಂಡಿಗಳು ಮಾತ್ರ ಸುಸ್ಥಿತಿಯಲ್ಲಿರಬೇಕು. ಏಕೆಂದರೆ ಅದು ಮನೆಯಾದರೂ ಗಾಡಿಯಾಗಿರುವುದನ್ನು ಬಿಟ್ಟಿಲ್ಲ. ಕರೆ ಬಂದಾಗ ಎಂಜಿನ್ನಿನ ಹಿಂದೆ ಸೇರಿ, ಗೊತ್ತುಪಡಿಸಿದ ವೇಗದಲ್ಲಿ ಮುಂದಿನ ನಿಲ್ದಾಣಕ್ಕೆ ಸಾಗಬೇಕು.

ಶಿಬಿರಗಾಡಿಯ ವಾಸದಲ್ಲಿ ಒಂದು ವಿಚಿತ್ರವಾದ ತೊಡಕುಂಟು. ಹಳೆಯ ಪ್ರಯಾಣಿಕ ಗಾಡಿಗಳಲ್ಲಿ ದೀಪಕ್ಕೂ ಪಂಖಕ್ಕೂ ಬೇಕಾದ ವಿದ್ಯುತ್ತನ್ನು ಗಾಲಿಯ ಅಚ್ಚಿಗೆ ಪಟ್ಟಿಯಿಂದ ಜೋಡಿಸಿದ ಯಂತ್ರವೇ ಉತ್ಪಾದಿಸುತ್ತಿತ್ತು. ಗಾಡಿ ಓಡಿದರೆ ಮಾತ್ರ ಅದರ ಸಂಚಯ ಕೋಶಗಳು ತುಂಬುತ್ತಿದ್ದವು. ಬಿಡಾರವಾಗಿ ನಿಂತ ಗಾಡಿಗೆ ಆ ಅನುಕೂಲವಿಲ್ಲ. ಆದುದರಿಂದ ನಿಲ್ದಾಣದಿಂದಲೋ ಬೇರೆ ಜನಕಯಂತ್ರದಿಂದಲೋ ವಿದ್ಯುತ್ತನ್ನು ತರಬೇಕು. ಓಡುವಾಗ ಗಾಳಿ ಬೀಸಿ ತಂಪಾಗಿದ್ದ ಅದೇ ಉಕ್ಕಿನ ಗೋಡೆ, ನಿಂತಾಗ ಬಿಸಿಲಿಗೆ ಕಾದು ಬಾಣಲೆಯಂತಾಗುತ್ತದೆ. ಬಯಲುಸೀಮೆಯ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಆ ಗಾಡಿಯೊಳಗೆ ಮಲಗುವುದೆಂದರೆ ಏನೆಂದು ಊಹಿಸಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ಮುಖ್ಯವಾದುದು. ಜನರು ಮಲಗಿರುವ ಗಾಡಿಗೆ ಮತ್ತೊಂದು ಗಾಡಿ ಬಂದು ತಾಗಬಾರದು. ತಾನಾಗಿ ಅದು ಉರುಳಲೂಬಾರದು. ಅದಕ್ಕಾಗಿ ಶಿಬಿರಗಾಡಿಯನ್ನು ಪಕ್ಕದ ಹಳಿಯಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಬಿಗಿದು, ಗಾಲಿಗಳಿಗೆ ಒತ್ತುಗಟ್ಟೆಗಳನ್ನು ಕೊಟ್ಟು, ಸರಪಳಿಯಿಂದ ಕಟ್ಟುತ್ತಾರೆ. ಆ ಹಳಿಗೆ ದಾರಿ ತಿರುಗಿಸುವ ಕೀಲನ್ನು ಮುಚ್ಚಿ ಬೀಗ ಹಾಕುತ್ತಾರೆ. ದಿನವಿಡೀ ಬೇರೆಯವರ ಸುರಕ್ಷತೆಗಾಗಿ ದುಡಿದವನು ರಾತ್ರಿ ನಿಶ್ಚಿಂತೆಯಿಂದ ನಿದ್ರಿಸುವುದು ಆ ಒಂದು ಬೀಗದ ಭರವಸೆಯ ಮೇಲೆ.

ಇಂಥ ಕ್ರಮವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಫ್ರಾನ್ಸ್ ದೇಶದಲ್ಲಿ 1938ರಲ್ಲಿ ಹಲವು ರೈಲ್ವೆ ಕಂಪನಿಗಳನ್ನು ಒಂದುಗೂಡಿಸಿ ರಾಷ್ಟ್ರೀಯ ರೈಲ್ವೆ ಸಂಸ್ಥೆಯನ್ನು ಸ್ಥಾಪಿಸಿದರು. ಆ ಕಂಪನಿಗಳಿಂದ ಬಗೆಬಗೆಯ ಹಳೆಯ ಗಾಡಿಗಳು ಹೊಸ ಸಂಸ್ಥೆಯ ಕೈಗೆ ಬಂದವು. ಅವುಗಳಲ್ಲಿ ಮರದ ಮೈಯುಳ್ಳವು ಅನೇಕ. ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಸೇತುವೆಗಳೂ ನಿಲ್ದಾಣಗಳೂ ಹಳಿಗಳೂ ಅಪಾರವಾಗಿ ಹಾಳಾದವು. 1945ರಲ್ಲಿ ಯುದ್ಧ ಮುಗಿದ ಬಳಿಕ ದಾರಿಗಳನ್ನು ಮತ್ತೆ ಕಟ್ಟುವ ಮಹಾಕಾರ್ಯ ನಡೆಯಿತು. ಮುಂದಿನ ದಶಕಗಳಲ್ಲಿ ಉಕ್ಕಿನ ಗಾಡಿಗಳು ಬಂದಂತೆಲ್ಲ, ಪ್ರಯಾಣಿಕ ಸೇವೆಯಿಂದ ನಿವೃತ್ತವಾದ ಹಳೆಯ ಗಾಡಿಗಳಲ್ಲಿ ಹಲವು, ಹಳಿ ಕಾಯುವ ತಂಡಗಳ ಮಲಗುವ ಕೋಣೆ, ಊಟದ ಕೋಣೆ, ಉಪಕರಣಗಳ ಉಗ್ರಾಣಗಳಾಗಿ ಮಾರ್ಪಟ್ಟವು. ಭಾಷೆ ಬೇರೆ, ಹವೆ ಬೇರೆ, ಊಟ ಬೇರೆ; ಆದರೆ ಹಳಿಯ ಕೆಲಸಗಾರನ ಅಗತ್ಯ ಮಾತ್ರ ಎಲ್ಲ ಕಡೆಯೂ ಒಂದೇ.

ನಮ್ಮ ನಾಡಿನ ರೈಲುದಾರಿಯ ಇತಿಹಾಸದಲ್ಲಿಯೂ ಈ ಕೆಲಸಗಾರರ ಶ್ರಮ ಹಾಸುಹೊಕ್ಕಾಗಿದೆ. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಮಾರ್ಗವನ್ನು ಹಾಕುವ ಕೆಲಸವು 1876–78ರ ಘೋರ ಕ್ಷಾಮದ ಕಾಲದಲ್ಲಿ, ಹಸಿದ ಜನರಿಗೆ ಕೂಲಿ ಒದಗಿಸುವ ಉದ್ದೇಶವನ್ನೂ ಹೊತ್ತು ಆರಂಭವಾಯಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂದಿತು. 1889ರ ವೇಳೆಗೆ ಮಾರ್ಗವು ಹರಿಹರವನ್ನು ಮುಟ್ಟಿತು. ಹುಬ್ಬಳ್ಳಿಯ ಕಾರ್ಯಾಗಾರವು 1885ರಲ್ಲಿಯೂ ಮೈಸೂರಿನ ಕಾರ್ಯಾಗಾರವು 1924ರಲ್ಲಿಯೂ ಸ್ಥಾಪನೆಯಾದವು. ಒಂದು ಮೀಟರ್ ಅಗಲದ ಆ ದಾರಿಯನ್ನು ಒಂದು ಶತಮಾನದಷ್ಟು ಕಾಲ ಬಳಸಿದ ಮೇಲೆ, 1990ರ ದಶಕದಲ್ಲಿ 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜಿಗೆ ಮಾರ್ಪಡಿಸಿದರು. ಹಳಿಯ ಅಗಲ ಬದಲಾದಾಗ ಹಳೆಯ ಮೀಟರ್ ಗೇಜ್ ಗಾಡಿಗಳು ಆ ದಾರಿಯ ಮೇಲೆ ಶಿಬಿರಗಾಡಿಗಳಾಗಿಯೂ ಓಡಲಾರದಾದವು. ಕೆಲವು ಮಾತ್ರ ವಸ್ತುಸಂಗ್ರಹಾಲಯಗಳಲ್ಲಿ ನೆಲೆ ಕಂಡವು.

ಮೈಸೂರಿನ ರೈಲು ವಸ್ತುಸಂಗ್ರಹಾಲಯವು 1979ರಲ್ಲಿ ಆರಂಭವಾಯಿತು. ಅಲ್ಲಿ 1899ರ ಕಾಲದ ಮಹಾರಾಣಿಯವರ ವಿಶೇಷ ಗಾಡಿಯನ್ನು ಕಾಪಾಡಿದ್ದಾರೆ. ಅದರಲ್ಲಿ ಅಡಿಗೆಮನೆಯೂ ಊಟದ ಗಾಡಿಯೂ ಸ್ನಾನಗೃಹವೂ ಇವೆ. ನೋಡಿದವರು ಅದರ ಅಂದವನ್ನು ಕೊಂಡಾಡುತ್ತಾರೆ. ಹಳಿಯ ಮೇಲೆ ಉರುಳುವ ಮನೆಯೆಂಬ ಕಲ್ಪನೆ ಅರಮನೆಗೂ ಕೆಲಸಗಾರನಿಗೂ ಒಂದೇ. ಒಂದು ಗಾಡಿಯನ್ನು ವೈಭವಕ್ಕಾಗಿ ಕಟ್ಟಿದರು. ಇನ್ನೊಂದನ್ನು ಅಗತ್ಯಕ್ಕಾಗಿ ಹೊಂದಿಸಿದರು. ಮಹಾರಾಣಿಯವರ ಗಾಡಿಯೂ ಯಾರೋ ಕೆಲಸಗಾರರು ಬಿಗಿದ ಕೀಲುಗಳ ಮೇಲೆಯೇ ಸುರಕ್ಷಿತವಾಗಿ ಸಾಗಿತೆಂಬುದನ್ನು ಮರೆಯಬಾರದು.

ಕಾಲ ಕಳೆದಂತೆ ಹಳಿಯ ಕೆಲಸದಲ್ಲಿ ಯಂತ್ರಗಳು ಬಂದವು. ದಿಮ್ಮಿಯ ಕೆಳಗೆ ಜಲ್ಲಿಯನ್ನು ಗಿಡಿಯುವ ಕೆಲಸವನ್ನು ಹಿಂದೆ ಕೈಯಲ್ಲಿ ಹಿಡಿದ ಮೊಂಡು ಪಿಕಾಸಿಗಳಿಂದ ಮಾಡುತ್ತಿದ್ದರು. 1960ರ ದಶಕದಿಂದ ಈ ಕೆಲಸಕ್ಕೆ ಹಳಿಯ ಮೇಲೆಯೇ ಚಲಿಸುವ ಯಂತ್ರಗಳು ನಮ್ಮ ದೇಶದಲ್ಲಿ ಬಳಕೆಗೆ ಬಂದವು. ಆ ಯಂತ್ರವು ಹಳಿಯನ್ನು ಮೇಲಕ್ಕೆತ್ತಿ ಹಿಡಿದು, ಉಕ್ಕಿನ ಬೆರಳುಗಳನ್ನು ಜಲ್ಲಿಯೊಳಗೆ ಇಳಿಸಿ, ನಡುಗಿಸಿ ಹಿಂಡಿ, ದಿಮ್ಮಿಯ ಬುಡವನ್ನು ಭದ್ರಪಡಿಸುತ್ತದೆ. ಯಂತ್ರ ಬಂದರೆ ಶಿಬಿರಗಾಡಿ ಬೇಡವೆಂದು ತೋರಬಹುದು. ಆದುದು ಬೇರೆ. ಯಂತ್ರವು ಇಂದು ಒಂದು ಕಡೆ, ಮುಂದಿನ ವಾರ ಇನ್ನೊಂದು ಕಡೆ ಕೆಲಸ ಮಾಡುತ್ತದೆ. ಅದನ್ನು ನಡೆಸುವ, ಕೆಟ್ಟರೆ ಸರಿಪಡಿಸುವ ನೌಕರರು ಅದರ ಜೊತೆಯಲ್ಲಿಯೇ ಇರಬೇಕಾಗುತ್ತದೆ. ಪ್ರಯಾಣಿಕ ಗಾಡಿಗಳ ಸಂಚಾರ ವಿರಳವಾದ ಹೊತ್ತಿನಲ್ಲಿ ಮಾತ್ರ ಹಳಿಯನ್ನು ಅವರಿಗೆ ಬಿಟ್ಟುಕೊಡುತ್ತಾರೆ. ಅದು ಕೆಲವೊಮ್ಮೆ ನಡುರಾತ್ರಿಯೂ ಆಗಬಹುದು. ಆದುದರಿಂದ ಯಂತ್ರದ ಹಿಂದೆಯೇ ಶಿಬಿರಗಾಡಿಯೂ ಊರಿಂದೂರಿಗೆ ಸಾಗುತ್ತದೆ.

ದಾರಿ ದುರ್ಗಮವಾದಷ್ಟೂ ಇಂಥ ವ್ಯವಸ್ಥೆಯ ಬೆಲೆ ಹೆಚ್ಚುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಮಾರ್ಗವು ಸುರಂಗಗಳೂ ಸೇತುವೆಗಳೂ ತುಂಬಿದ ಕಾಡುದಾರಿ. ಎಡಕುಮೇರಿಯಂಥ ನಿಲ್ದಾಣಗಳಿಗೆ ರೈಲೇ ಮುಖ್ಯ ಸಂಪರ್ಕ. 2018ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಅನೇಕ ಕಡೆ ಗುಡ್ಡ ಕುಸಿದು ಸಂಚಾರವು ವಾರಗಟ್ಟಲೆ ನಿಂತಿತು. 2024ರ ಜುಲೈ ತಿಂಗಳಿನಲ್ಲಿ ಎಡಕುಮೇರಿಯ ಸಮೀಪದಲ್ಲಿ ಹಳಿಯ ಕೆಳಗಿನ ನೆಲವೇ ಜರಿಯಿತು. ಸುರಿಯುವ ಮಳೆಯಲ್ಲಿ ಮಣ್ಣನ್ನು ತೆಗೆದು, ಕಲ್ಲು ತುಂಬಿದ ಜಾಲರಿಗಳನ್ನು ಅಡುಕಿ ದಾರಿಯನ್ನು ಮತ್ತೆ ತೆರೆದವರು ಅಲ್ಲಿ ಹಗಲೂ ಇರುಳೂ ದುಡಿದ ಕೆಲಸಗಾರರು. ಅಪಘಾತವಾದಾಗ ಧಾವಿಸುವ ಪರಿಹಾರ ರೈಲುಗಳಲ್ಲಿಯೂ ಮಾರ್ಪಡಿಸಿದ ಹಳೆಯ ಗಾಡಿಗಳುಂಟು. ಒಂದರಲ್ಲಿ ಉಪಕರಣ, ಒಂದರಲ್ಲಿ ಚಿಕಿತ್ಸೆಯ ಮೇಜು, ಇನ್ನೊಂದರಲ್ಲಿ ಸಿಬ್ಬಂದಿಯ ಅಡಿಗೆ.

ಹಳೆಯ ಗಾಡಿಗೆ ಇನ್ನೂ ಹಲವು ಉಪಯೋಗಗಳನ್ನು ಕಂಡುಕೊಂಡಿದ್ದಾರೆ. ಕೆಲವು ಗಾಡಿಗಳ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಕೊನೆಯಲ್ಲಿ ದೊಡ್ಡ ಬಾಗಿಲನ್ನಿಟ್ಟು ಮೋಟಾರು ವಾಹನಗಳನ್ನು ಸಾಗಿಸಲು ಬಳಸುತ್ತಾರೆ. 2020ರಲ್ಲಿ ಮೈಸೂರಿನ ಅಶೋಕಪುರಂ ಕಾರ್ಯಾಗಾರದವರು ಸೇವೆಗೆ ಯೋಗ್ಯವಲ್ಲದ ಎರಡು ಗಾಡಿಗಳನ್ನು ಸರ್ಕಾರಿ ಶಾಲೆಯ ಮಕ್ಕಳಿಗಾಗಿ ತರಗತಿಯ ಕೋಣೆಗಳನ್ನಾಗಿ ಮಾರ್ಪಡಿಸಿದರು. ಅದೇ ವರ್ಷ ಕೋವಿಡ್ ಮಹಾಮಾರಿ ಹರಡಿದಾಗ ರೈಲ್ವೆಯು ಐದು ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ರೋಗಿಗಳ ಆರೈಕೆಗಾಗಿ ಸಜ್ಜುಗೊಳಿಸಿತು. ಶಾಲೆ, ಆಸ್ಪತ್ರೆ, ಬಿಡಾರ—ಹಳೆಯ ಗಾಡಿಯೊಂದು ಯಾವ ರೂಪವನ್ನು ತಾಳಿದರೂ ಅದರ ಹಿಂದಿರುವ ತತ್ತ್ವ ಒಂದೇ: ಉಳಿದ ಶಕ್ತಿಯನ್ನು ವ್ಯರ್ಥಮಾಡಬಾರದು.

ಈಗ ನಾವು ಮೊದಲು ಹೆಸರಿಸಿದ ನಾಲ್ಕು ತಾಲ್ಲೂಕುಗಳ ಕಡೆಗೆ ಮತ್ತೆ ತಿರುಗಬಹುದು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಆಂಧ್ರಪ್ರದೇಶದ ರಾಯದುರ್ಗಕ್ಕೆ ಹೋಗುವ ಸುಮಾರು 207 ಕಿಲೋಮೀಟರ್ ಉದ್ದದ ಹೊಸ ಮಾರ್ಗಕ್ಕೆ 2007–08ರ ಸಾಲಿನಲ್ಲಿ ಮಂಜೂರಾತಿ ದೊರೆಯಿತು. ಶಿರಾದ ಮೂಲಕ ತುಮಕೂರು, ಚಿತ್ರದುರ್ಗ, ದಾವಣಗೆರೆಗಳನ್ನು ಕೂಡಿಸುವ ಸುಮಾರು 191 ಕಿಲೋಮೀಟರ್ ಉದ್ದದ ಮಾರ್ಗಕ್ಕೆ 2011–12ರಲ್ಲಿ ಮಂಜೂರಾತಿಯಾಯಿತು. ಮೊದಲನೆಯ ಮಾರ್ಗದ ಕೆಲಸವು ರಾಯದುರ್ಗದ ಕಡೆಯಿಂದ ಮೊದಲು ಮುಂದುವರಿದು, ಕಲ್ಯಾಣದುರ್ಗದವರೆಗಿನ ಭಾಗ ಮೊದಲು ಸಿದ್ಧವಾಯಿತು. ಬಂಡೆಗಲ್ಲಿನ ಬೆಟ್ಟಗಳ ನಡುವೆ, ಜಯಮಂಗಲಿಯಂಥ ಹೊಳೆಗಳನ್ನು ದಾಟಿ, ಶೇಂಗಾ ಬೆಳೆಯುವ ಒಣಭೂಮಿಯ ಮೇಲೆ ಹಳಿ ಹಾಕುವುದು ಹಲವು ವರ್ಷಗಳ ಕೆಲಸ.

ಹೊಸ ಮಾರ್ಗದ ವಿಷಯದಲ್ಲಿ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವೆಂದರೆ ಹೂಮಾಲೆ ತೊಟ್ಟು ಬರುವ ಮೊದಲ ಪ್ರಯಾಣಿಕ ರೈಲು. ವಾಸ್ತವವಾಗಿ ಹೊಸ ಹಳಿಯ ಮೇಲೆ ಮೊದಲು ಉರುಳುವುದು ಅದಲ್ಲ. ಜಲ್ಲಿ ತರುವ ಗಾಡಿ, ಹಳಿ ಮತ್ತು ದಿಮ್ಮಿಗಳನ್ನು ತರುವ ಗಾಡಿ, ಜಲ್ಲಿ ಗಿಡಿಯುವ ಯಂತ್ರ, ಅದರ ನೌಕರರ ಬಿಡಾರ—ಇವು ಮೊದಲು ಬರುತ್ತವೆ. ದಾರಿಯು ಹದಗೊಂಡ ಮೇಲೆ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ನೀಡಬೇಕು. ಪ್ರಯಾಣಿಕರು ಹತ್ತುವುದು ಆಮೇಲೆ. ಉದ್ಘಾಟನೆಯ ದಿನ ಸೇರುವ ಜನಸಂದಣಿಯಲ್ಲಿ ಆ ಮೊದಲ ಗಾಡಿಗಳನ್ನು ಸ್ವಾಗತಿಸಿದವರು ಯಾರೂ ಇರುವುದಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಹಳಿಯ ಕೆಲಸದಲ್ಲಿ ಕೈ ಕೆಸರಾಗುವುದು ಒಬ್ಬರದು, ಬಾಯಿ ಮೊಸರಾಗುವುದು ಬಹುಮಂದಿಯದು. ಶಿಬಿರಗಾಡಿಯಲ್ಲಿ ವಾಸಿಸುವವನ ಹೆಂಡತಿ ಮಕ್ಕಳು ದೂರದ ಊರಿನಲ್ಲಿರುತ್ತಾರೆ. ಹಬ್ಬದ ದಿನ ಊರಿಗೆ ಹೋಗುವವರ ಗಾಡಿಗಳು ಹೆಚ್ಚಾಗಿ ಓಡುತ್ತವೆ; ಅವುಗಳಿಗಾಗಿ ದಾರಿಯನ್ನು ಸರಿಯಾಗಿ ಇಡಬೇಕಾದವನಿಗೆ ಊರಿಗೆ ಹೋಗಲು ಅವಕಾಶವಿರುವುದಿಲ್ಲ. ಅವನ ಕೆಲಸದಲ್ಲಿ ಪ್ರಾಣಾಪಾಯವೂ ಉಂಟು. ಒಂದು ಹಳಿಯ ಮೇಲೆ ಬಗ್ಗಿ ದುಡಿಯುತ್ತಿರುವಾಗ ಪಕ್ಕದ ಹಳಿಯ ಮೇಲೆ ಬರುವ ಗಾಡಿಯ ಸದ್ದು, ಯಂತ್ರದ ಗದ್ದಲದಲ್ಲಿ ಕೇಳಿಸದೆ ಹೋಗಬಹುದು. ವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ರೈಲ್ವೆ ಸುರಕ್ಷತಾ ಪರಿಶೀಲನಾ ಸಮಿತಿಯು 2012ರಲ್ಲಿ ಸಲ್ಲಿಸಿದ ವರದಿಯಲ್ಲಿ, ಪ್ರಯಾಣಿಕರ ಸುರಕ್ಷತೆಯನ್ನು ಮಾತ್ರವಲ್ಲದೆ ಕರ್ತವ್ಯದಲ್ಲಿ ಪ್ರಾಣ ಕಳೆದುಕೊಳ್ಳುವ ನೌಕರರ ವಿಷಯವನ್ನೂ ಗಂಭೀರವಾಗಿ ಎತ್ತಿ ತೋರಿಸಿತು. ಹಳೆಯ ಗಾಡಿಯನ್ನು ಬಳಸುವುದು ಮಿತವ್ಯಯದ ಗುಣ, ನಿಜ. ಆದರೆ ವಸ್ತು ಹಳೆಯದೆಂಬ ಕಾರಣಕ್ಕೆ ಅದರಲ್ಲಿ ಇರುವವರ ಬಾಳು ಅಗ್ಗವಾಗಬಾರದು. ತಂಪಾದ ಚಾವಣಿ, ಶುದ್ಧವಾದ ನೀರು, ನೆಮ್ಮದಿಯ ನಿದ್ರೆ ಇವು ಕೆಲಸಗಾರನಿಗೆ ಸಲ್ಲಬೇಕಾದ ಹಕ್ಕುಗಳೇ ಹೊರತು ದಯೆಯಲ್ಲ. ನಿದ್ದೆಗೆಟ್ಟ ಕಣ್ಣು ಹಳಿಯ ಬಿರುಕನ್ನು ಕಾಣದೆ ಹೋದರೆ ಅದರ ಫಲವನ್ನು ಅನುಭವಿಸುವವರು ಸಾವಿರಾರು ಮಂದಿ.

ರೈಲಿನಲ್ಲಿ ಕುಳಿತವರಿಗೆ ಕಿಟಕಿಯ ಹೊರಗೆ ಹೊಲಗದ್ದೆಗಳೂ ಬೆಟ್ಟಗುಡ್ಡಗಳೂ ಹಿಂದೆ ಸರಿಯುತ್ತವೆ. ಒಂದು ಗಳಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೆಲವರು ಹಳಿಯಿಂದ ಬದಿಗೆ ಸರಿದು, ಹಾರೆಗಳನ್ನು ಊರಿಕೊಂಡು ನಿಂತಿರುವುದು ಕಾಣುತ್ತದೆ; ಮರುಗಳಿಗೆ ಅವರು ಮರೆಯಾಗುತ್ತಾರೆ. ಗಾಡಿ ದಾಟಿದೊಡನೆ ಅವರು ಮತ್ತೆ ಹಳಿಯ ಮೇಲೆ ಬಗ್ಗುತ್ತಾರೆ. ಸಂಜೆಯಾದ ಮೇಲೆ, ಒಂದು ಕಾಲದಲ್ಲಿ ಯಾರನ್ನೋ ಊರಿಗೆ ಮುಟ್ಟಿಸಿದ ಹಳೆಯ ಗಾಡಿಯಲ್ಲಿ ಒಲೆ ಹೊತ್ತಿಸುತ್ತಾರೆ.

ಪದಗಳ ಅರ್ಥ

ಬಿಡಾರ – ತಾತ್ಕಾಲಿಕ ವಾಸಸ್ಥಾನ
ಕೌದಿ – ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆ
ಏರಿ – ಮಣ್ಣಿನಿಂದ ಎತ್ತರಿಸಿದ ದಿಬ್ಬ
ಎರೆಮಣ್ಣು – ಕಪ್ಪು ಜಿಗುಟು ಮಣ್ಣು
ಹವಣಿಸು – ಪ್ರಯತ್ನಿಸು
ಗಿಡಿ – ಒತ್ತಿ ತುಂಬು
ದುರ್ಗಮ – ಹೋಗಲು ಕಷ್ಟವಾದ
ಮಿತವ್ಯಯ – ಹಿತವಾದ ಮಿತಿಯಲ್ಲಿ ವೆಚ್ಚಮಾಡುವುದು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶಿಬಿರಗಾಡಿ ಎಂದರೇನು?
2. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದ ವರ್ಷ ಯಾವುದು?
3. ಕೀಮನ್‌ನ ದಿನನಿತ್ಯದ ಕೆಲಸವೇನು?
4. ಪಾವಗಡದ ಜನರು ರೈಲು ಹತ್ತಲು ಯಾವ ಊರಿಗೆ ಹೋಗಬೇಕಾಗಿತ್ತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರೈಲುದಾರಿಯು ಸಡಿಲವಾಗಲು ಕಾರಣಗಳೇನು?
2. ಪ್ರಯಾಣಿಕ ಗಾಡಿಯನ್ನು ಬಿಡಾರವಾಗಿ ಹೇಗೆ ಮಾರ್ಪಡಿಸುತ್ತಾರೆ?
3. ಯಂತ್ರಗಳು ಬಂದ ಮೇಲೆಯೂ ಶಿಬಿರಗಾಡಿ ಬೇಕಾಗುವುದೇಕೆ?

ಇ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಅದು ಮನೆಯಾದರೂ ಗಾಡಿಯಾಗಿರುವುದನ್ನು ಬಿಟ್ಟಿಲ್ಲ.”
2. “ವಸ್ತು ಹಳೆಯದೆಂಬ ಕಾರಣಕ್ಕೆ ಅದರಲ್ಲಿ ಇರುವವರ ಬಾಳು ಅಗ್ಗವಾಗಬಾರದು.”

ಈ. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ.
ಮಳೆಗಾಲ, ಹಳಿಯನ್ನು, ಪ್ರಾಣಾಪಾಯ, ಊರಿಂದೂರಿಗೆ

ಉ. ನಿಮ್ಮ ಊರಿನಲ್ಲಿ ಜನರ ಕಣ್ಣಿಗೆ ಬೀಳದೆ ಎಲ್ಲರ ಅನುಕೂಲಕ್ಕಾಗಿ ದುಡಿಯುವ ಕೆಲಸಗಾರರನ್ನು ಕುರಿತು ಒಂದು ಪುಟದಷ್ಟು ಪ್ರಬಂಧ ಬರೆಯಿರಿ.